ಹಾಸ್ಟೆಲಲ್ಲಿ ಡ್ರಗ್ಸ್ ವಿಷ್ಯ ಬಂದ್ರೆ ಏನ್ ಮಾಡ್ಬೇಕು: ಕೊಡಗಿನ ಒಬ್ಬ ವಾರ್ಡನ್ ಕಲ್ತಿದ್ದು

ಪಾಠ ಮಾಡೋದ್ರ ಜೊತೆಗೆ ಆರು ವರ್ಷ ಹುಡುಗ್ರ ಹಾಸ್ಟೆಲ್ ವಾರ್ಡನ್ ಕೆಲ್ಸನೂ ನನ್ನ ತಲೆಗೇ ಕಟ್ಟಿದ್ರು. ಈಗ ಹೊಸದಾಗಿ ವಾರ್ಡನ್ ಆದವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ತಾರೆ, "ಸರ್, ಗಾಂಜಾ ಗೀಂಜಾ ಸಿಕ್ರೆ ಏನ್ ಮಾಡೋದು?" ಅಂತ. ಒಬ್ಬೊಬ್ರಿಗೆ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಟ್ಟಿಗೇ ಬರೀತಿದೀನಿ. ಸಿಕ್ಕಿದ್ಮೇಲೆ ಏನು ಅನ್ನೋದು ಆಮೇಲಿನ ಮಾತು, ರಾತ್ರಿ ಎರಡು ಗಂಟೆಗೆ ಒಬ್ಬ ಹುಡ್ಗ ಬಿದ್ರೆ ಅವನ ರೂಮ್‌ಮೇಟ್ ನಿಮ್ಗೆ ಫೋನ್ ಮಾಡ್ತಾನಾ? ಮೊದ್ಲು ಅದನ್ನ ನೋಡ್ಕೊಳ್ಳಿ.

ನಂಗೆ ಮಾಡ್ಲಿಲ್ಲ. ಜುಲೈ ತಿಂಗ್ಳು, ಹಿಡ್ಕೊಂಡ ಮಳೆ ಬಿಟ್ಟಿಲ್ಲ, ಕರೆಂಟ್ ಇಲ್ಲ, ಫಸ್ಟ್ ಇಯರ್ ಹುಡ್ಗ ಒಬ್ಬ ಎಣ್ಣೆ ಜೊತೆ ಯಾವ್ದೋ ಮಾತ್ರೆ ನುಂಗಿ ಪ್ರಜ್ಞೆ ತಪ್ಪಿ ಬಿದ್ದಿದಾನೆ, ಫ್ರೆಂಡ್ಸ್ ಎರಡು ಗಂಟೆ ಹೊತ್ತು ಬಾಗ್ಲು ಹಾಕ್ಕೊಂಡು ನಿಂಬೆಹಣ್ಣು ಹಿಂಡೋದು, ತಲೆ ಮೇಲೆ ನೀರು ಸುರಿಯೋದು ಮಾಡಿದಾರೆ. ಯಾಕೆ ಅಂದ್ರೆ ಸಸ್ಪೆಂಡ್ ಮಾಡ್ತಾರೆ ಅನ್ನೋ ಭಯ. ಹುಡ್ಗ ಉಳ್ಕೊಂಡ, ಆದ್ರೆ ಆ ಭಯ ಹುಟ್ಸಿದ್ದು ನಾನೇ, ಓರಿಯಂಟೇಶನ್ ದಿನ ಮೈಕ್ ಹಿಡ್ಕೊಂಡು "ಒಬ್ಬ ಸಿಕ್ರೆ ರೂಮಿಗೆ ರೂಮೇ ಖಾಲಿ ಮಾಡುಸ್ತೀನಿ" ಅಂತ ಹೇಳಿದ್ದು ನಾನು.

ಹಾಗಾಗಿ ಮೊದಲ್ನೇ ಕೆಲ್ಸ, ಸಹಾಯಕ್ಕೆ ಕರೆದವನ ಮೇಲೂ ಬಿದ್ದವನ ಮೇಲೂ ಆ ರಾತ್ರಿಯ ವಿಷ್ಯಕ್ಕೆ ಶಿಸ್ತು ಕ್ರಮ ಇಲ್ಲ ಅಂತ ಪ್ರಿನ್ಸಿಪಾಲರ ಸಹಿ ಹಾಕ್ಸಿ ನೋಟಿಸ್ ಬೋರ್ಡಲ್ಲಿ ಹಾಕಿ. ಬಾಯಲ್ಲಿ ಹೇಳಿದ್ರೆ ಹುಡುಗ್ರು ನಂಬಲ್ಲ. ಮಾಲು ಮಾರೋನಿಗೆ ಇದು ಅನ್ವಯ ಆಗಲ್ಲ ಅಂತಾನೂ ಅದ್ರಲ್ಲೇ ಬರೀರಿ. ಮ್ಯಾನೇಜ್‌ಮೆಂಟ್‌ನವರು "ಇದು ಲೈಸೆನ್ಸ್ ಕೊಟ್ಟಂಗಾಗುತ್ತಲ್ವಾ" ಅಂತಾರೆ, ಅಂದ್ಕೊಳ್ಳಿ ಬಿಡಿ.

ಆ ರಾತ್ರಿ ಮಾಡ್ಬೇಕಾದ್ದು ಇಷ್ಟು. ಜೋರಾಗಿ ಕರೆದು ಭುಜ ಅಲ್ಲಾಡ್ಸಿ. ಏಳ್ತಿಲ್ಲ, ಉಸಿರು ತೀರಾ ನಿಧಾನ, ಗಂಟ್ಲಲ್ಲಿ ಗೊರಗೊರ ಸದ್ದು, ತುಟಿ ನೀಲಿ, ಫಿಟ್ಸ್, ಇದ್ರಲ್ಲಿ ಒಂದು ಕಂಡ್ರೂ ತಕ್ಷಣ 108. ಉಸಿರಾಡ್ತಿದ್ರೆ ಒಂದು ಮಗ್ಗುಲಿಗೆ ತಿರುಗ್ಸಿ, ಮೇಲಿನ ಮೊಣಕಾಲು ಮಡ್ಸಿ ಮಲಗ್ಸಿ, ಅಂಗಾತ ಮಲಗ್ಸಿದ್ರೆ ವಾಂತಿ ಉಸಿರಿಗೆ ಹೋಗಿ ಅಲ್ಲೇ ಸಾಯ್ಬೋದು. ಉಸಿರೇ ಇಲ್ಲ ಅಂದ್ರೆ 108ರವರು ಫೋನಲ್ಲೇ ಹೇಳ್ದಂಗೆ ಎದೆ ಒತ್ತೋಕೆ ಶುರು ಮಾಡಿ. ಕಾಫಿ, ಮಜ್ಜಿಗೆ, ನಿಂಬೆಹಣ್ಣು ಯಾವ್ದೂ ಬಾಯಿಗೆ ಹಾಕ್ಬೇಡಿ, ವಾಂತಿ ಮಾಡ್ಸೋಕೆ ಹೋಗ್ಬೇಡಿ, "ಮಲ್ಗಿ ಎದ್ರೆ ಸರಿ ಹೋಗ್ತಾನೆ" ಅಂತ ಒಬ್ಬನ್ನೇ ಬಿಟ್ಟು ಬರ್ಬೇಡಿ. ಏನ್ ತಗೊಂಡಿದಾನೆ ಅಂತ ಡಾಕ್ಟ್ರಿಗೆ ನಿಜ ಹೇಳಿ, ಮಾತ್ರೆ ಕವರ್ ಸಿಕ್ರೆ ಜೊತೆಗೆ ತಗೊಂಡು ಹೋಗಿ. ನಮ್ಮ ರೋಡು ಗೊತ್ತಲ್ಲ, ಮಳೆಗಾಲದಲ್ಲಿ ಮರ ಬಿದ್ದಿದ್ರೆ ಆಂಬುಲೆನ್ಸ್ ಎಷ್ಟೊತ್ತಿಗೆ ಬರುತ್ತೋ, ಅದಕ್ಕೆ ರಾತ್ರಿ ಗಾಡಿ ತೆಗೆಯೋ ಇಬ್ರು ಮೂರು ಜನ ಜೀಪಿನವ್ರ ಹತ್ರ ಮೊದ್ಲೇ ಮಾತಾಡಿಟ್ಕೊಳ್ಳಿ. ಮಡಿಕೇರಿಯ ಜಿಲ್ಲಾಸ್ಪತ್ರೆ ದೂರ ಆದ್ರೆ ವಿರಾಜಪೇಟೆ, ಸೋಮವಾರಪೇಟೆ, ಯಾವ ಆಸ್ಪತ್ರೆ ಹತ್ರಾನೋ ಅಲ್ಲಿಗೆ.

ಇನ್ನು ರೂಮಲ್ಲಿ ಪೊಟ್ಟಣ ಸಿಕ್ತು ಅಂತಿಟ್ಕೊಳ್ಳಿ. ನಿಮ್ಮ ಡ್ರಾಯರಲ್ಲಿ ಇಟ್ಕೋಬೇಡಿ, ಟಾಯ್ಲೆಟ್‌ಗೆ ಸುರಿಯೋದೂ ಬೇಡ, ಇನ್ನೊಬ್ಬ ಸ್ಟಾಫ್ ಎದುರಿಗೆ ಇದ್ದ ಜಾಗದಲ್ಲೇ ಬಿಟ್ಟು ಬೀಗ ಹಾಕಿ ಪ್ರಿನ್ಸಿಪಾಲರಿಗೂ ಪೊಲೀಸ್ರಿಗೂ ಹೇಳಿ.

ಕಾನೂನು ಹುಡುಗ್ರಿಗೆ ನಿಜವಾಗ್ಲೂ ಗೊತ್ತಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಲಿ (ಡ್ರಗ್ಸ್ ತಡೆಯೋ ಕಾನೂನು) ಗಾಂಜಾಗೆ 1 ಕೆಜಿವರೆಗೆ "ಸಣ್ಣ ಪ್ರಮಾಣ", ಅಂದ್ರೆ ಶಿಕ್ಷೆ ಕಮ್ಮಿ, ಇಲ್ವೇ ಇಲ್ಲ ಅಂತಲ್ಲ; ಪಾರ್ಟಿ ಡ್ರಗ್ ಎಂಡಿಎಂಎಗೆ ಆ ಮಿತಿ ಬರೀ ಅರ್ಧ ಗ್ರಾಂ. ನಾಲ್ಕು ಜನ ದುಡ್ಡು ಹಾಕಿ ಒಬ್ಬನ ಕೈಲಿ 1 ಗ್ರಾಂ ಎಂಡಿಎಂಎ ತರ್ಸಿದ್ರೆ ಆ ಒಬ್ಬನಿಗೆ 10 ವರ್ಷದವರೆಗೂ ಜೈಲಾಗ್ಬೋದು. ಕ್ಲಾಸಲ್ಲಿ ಇದನ್ನ ಹೇಳ್ದಾಗ ಆದಷ್ಟು ನಿಶ್ಯಬ್ದ ನನ್ನ ಪಾಠಕ್ಕೆ ಯಾವತ್ತೂ ಆಗಿಲ್ಲ. ಅದೇ ಕಾಯ್ದೆಯ 64ಎ ಸೆಕ್ಷನ್ನೂ ಹೇಳಿ: ಚಟಕ್ಕೆ ಬಿದ್ದವನು ಸೇವನೆ ಅಥ್ವಾ ಸಣ್ಣ ಪ್ರಮಾಣದ ಕೇಸಲ್ಲಿದ್ದು, ತಾನಾಗೇ ಸರ್ಕಾರದ ಅಥ್ವಾ ಮಾನ್ಯತೆ ಇರೋ ಕಡೆ ಟ್ರೀಟ್‌ಮೆಂಟ್ ತಗೊಂಡು ಪೂರ್ತಿ ಮುಗ್ಸಿದ್ರೆ, ಆ ಕೇಸಿಂದ ರಕ್ಷಣೆ ಇದೆ. ವೇಪ್ ಸೇಫ್ ಅನ್ಕೊಂಡಿರೋರಿಗೆ, ಇ-ಸಿಗರೇಟ್ ಮಾರಾಟ 2019ರಿಂದ ದೇಶದಲ್ಲೇ ಬ್ಯಾನ್.

ಯಾರ ಮೇಲೆ ಕಣ್ಣಿಡೋದು? ಕೂದ್ಲು ಬಿಟ್ಟವನ ಮೇಲೆ, ಗಡಿ ಆಚೆಯಿಂದ ಬಂದವನ ಮೇಲೆ ಅಲ್ಲ, ಆ ತಪ್ಪು ನಾವು ಬಹಳ ಸಲ ಮಾಡಿದೀವಿ. ಇದ್ದಕ್ಕಿದ್ದಂಗೆ ಬದ್ಲಾದವನ್ನ ನೋಡಿ: ಊಟಕ್ಕೆ ಬರಲ್ಲ, ಹಾಕಿ ಆಡ್ತಿದ್ದವನು ಗ್ರೌಂಡ್ ಕಡೆ ತಲೆ ಹಾಕಲ್ಲ, ಎಲ್ರ ಹತ್ರ ಸಾಲ, ಫೋನ್ ಮಾರಿದಾನೆ. ಇದೆಲ್ಲ ಮನೆ ಜಗಳ, ಡಿಪ್ರೆಶನ್, ಲವ್ವಿಂದಾನೂ ಆಗುತ್ತೆ, ಅದಕ್ಕೆ "ಏನ್ ತಗೋತಿದೀಯ" ಅಂತ ಶುರು ಮಾಡ್ದೆ "ಊಟ ಆಯ್ತೇನಪ್ಪಾ, ಬಾ ಒಂದು ರೌಂಡ್ ನಡ್ಕೊಂಡು ಬರಣ" ಅಂತ ಶುರು ಮಾಡಿ. ಅವನು ಬಾಯಿ ಬಿಟ್ರೆ ಮಧ್ಯ ಬುದ್ಧಿ ಹೇಳ್ಬೇಡಿ. ಅಪ್ಪ ಅಮ್ಮಂಗೆ ಹೇಳೋದಿದ್ರೆ ಅವನಿಗೆ ತಿಳ್ಸಿ ಹೇಳಿ, ಬೆನ್ನ ಹಿಂದೆ ಫೋನ್ ಮಾಡಿದ್ರೆ ಇಡೀ ಹಾಸ್ಟೆಲ್ ನಿಮ್ಮ ಹತ್ರ ಬರೋದು ನಿಲ್ಸುತ್ತೆ.

ನಮ್ಮೂರಿಂದೇ ಒಂದು ಕಷ್ಟ ಇದೆ. ಇಲ್ಲಿ ಮದ್ವೆ, ಕೈಲ್ ಪೊಳ್ದ್, ಪುತ್ತರಿ ಹಬ್ಬ ಅಂದ್ರೆ ಎಷ್ಟೋ ಮನೇಲಿ ಗ್ಲಾಸ್ ಇದ್ದೇ ಇರುತ್ತೆ, ಅದನ್ನ ನೋಡ್ಕೊಂಡು ಬೆಳ್ದ ಹುಡ್ಗಂಗೆ "ಮದ್ಯ ಪಾಪ" ಅಂದ್ರೆ ನಕ್ಕು ಹೋಗ್ತಾನೆ. ನಾನು ಬೇರೆ ಥರ ಮಾತಾಡ್ತೀನಿ: ಕುಡ್ದು ಘಾಟಿ ತಿರುವಲ್ಲಿ ಬೈಕ್ ಬೇಡ, ಎಣ್ಣೆ ಜೊತೆ ನಿದ್ದೆ ಮಾತ್ರೆ, ಅಫೀಮು ಜಾತಿಯ ಸ್ಟ್ರಾಂಗ್ ನೋವಿನ ಮಾತ್ರೆ ಬೇಡವೇ ಬೇಡ, ಎಣ್ಣೆ ಜೊತೆ ಸೇರಿ ಉಸಿರನ್ನೇ ನಿಲ್ಸ್ಬೋದು. ಜೂನಿಯರ್‌ಗೆ ಬಲವಂತವಾಗಿ ಕುಡ್ಸಿದ್ರೆ ಅದು ರ್‍ಯಾಗಿಂಗ್, ಯುಜಿಸಿ ಹೆಲ್ಪ್‌ಲೈನ್ 1800-180-5522. ಸಿದ್ದಾಪುರ, ಅಮ್ಮತ್ತಿ ಕಡೆ ಆದ್ರೆ ಇನ್ನೊಂದು, ಕುಡ್ದು ರಾತ್ರಿ ತೋಟದ ದಾರಿಲಿ ನಡ್ಕೊಂಡು ಬರೋದು ಅಂದ್ರೆ ಆನೆ ಎದುರಿಗೆ ಹೋದಂಗೆ, ಇದು ಜೋಕಲ್ಲ. ವೀಕೆಂಡ್ ಹೋಂಸ್ಟೇ ಬುಕ್ ಮಾಡಿ ಪಾರ್ಟಿ ಮಾಡೋದು ಜಾಸ್ತಿ ಇರೋದ್ರಿಂದ ಅಕ್ಕಪಕ್ಕದ ಹೋಂಸ್ಟೇ ಓನರ್‌ಗಳ ಹತ್ರ ಒಂದ್ಸಲ ಕಾಫಿ ಕುಡೀತಾ ಮಾತಾಡಿ, ಡ್ರಗ್ಸ್ ತಗೊಳ್ಳೋಕೆ ಗೊತ್ತಿದ್ದೂ ಜಾಗ ಕೊಟ್ರೆ ಅವ್ರ ಮೇಲೂ ಕೇಸ್ ಬರುತ್ತೆ ಅಂತ ಬಹಳ ಜನಕ್ಕೆ ಗೊತ್ತೇ ಇಲ್ಲ.

ಜೂನ್ 26ಕ್ಕೆ, ಡ್ರಗ್ಸ್ ವಿರೋಧಿ ದಿನ ಅಂತ, ಜಾಥಾ ಮಾಡಿ ಫೋಟೋ ಹಾಕ್ತೀವಲ್ಲ, ಮಾಡಿ, ಬೇಡ ಅನ್ನಲ್ಲ. ಆದ್ರೆ ಅದ್ರ ಖರ್ಚಲ್ಲಿ ಸ್ವಲ್ಪ ಉಳ್ಸಿ ಪ್ರತಿ ರೂಮಿನ ಬಾಗ್ಲ ಹಿಂದೆ ಒಂದು ಹಾಳೆ ಅಂಟ್ಸಿ: ಆಂಬುಲೆನ್ಸ್ 108, ಎಮರ್ಜೆನ್ಸಿ 112, ಚಟ ಬಿಡೋಕೆ 14446, ಮನಸ್ಸಿಗೆ ಕಷ್ಟ ಆದ್ರೆ ಟೆಲಿ ಮಾನಸ್ 14416, ಮಾಲು ಮಾರೋರ ಬಗ್ಗೆ ಹೇಳೋಕೆ 1933, ಕೆಳಗೆ ನಿಮ್ಮ ಸ್ವಂತ ನಂಬರ್. ಲ್ಯಾಮಿನೇಶನ್ ಮಾಡ್ಸೋದು ಮರೀಬೇಡಿ, ಇಲ್ಲಾಂದ್ರೆ ಆಗಸ್ಟ್ ಬರೋಷ್ಟರಲ್ಲಿ ಬೂಷ್ಟು ಹಿಡ್ದು ಒಂದು ನಂಬ್ರೂ ಕಾಣಲ್ಲ.