ಗುಂಗುರು ಕೂದಲಿಗೆ ಮೊಹಾಕ್, ಪಕ್ಕ ಬೋಳಿಸದೆ

ಮೊಹಾಕ್, ಅಂದರೆ ಪಕ್ಕಗಳು ಬೋಳಾಗಿ ನಡುವೆ ಹಣೆಯಿಂದ ಕುತ್ತಿಗೆವರೆಗೆ ಕೂದಲು ಪಟ್ಟಿಯಾಗಿ ಎದ್ದು ನಿಲ್ಲುವ ಸ್ಟೈಲ್, ಮಾಡಬೇಕು ಅಂತ ಆಸೆಪಡುವ ಗುಂಗುರು ಕೂದಲಿನ ಹುಡುಗಿಯರು ಮೊದಲು ಹುಡುಕುವುದು ಸ್ಟ್ರೇಟ್ನರ್. ದಯವಿಟ್ಟು ಬೇಡ. ನೇರ ಕೂದಲಿನವರು ಎತ್ತರ ಬರಿಸಲು ಒದ್ದಾಡುತ್ತಾರೆ, ನಮಗೆ ಅದು ಹುಟ್ಟಿನಿಂದಲೇ ಬಂದಿದೆ. ಬುಡ ಎತ್ತಬೇಕು, ಪಕ್ಕಗಳನ್ನು ತಲೆಗೆ ಅಂಟಿದಂತೆ ಬಿಗಿಯಬೇಕು, ನಡುವಿನ ಸುರುಳಿಯನ್ನು ಅದರ ಪಾಡಿಗೆ ಬಿಡಬೇಕು. ಇಷ್ಟೇ ಸೂತ್ರ.

ನಾನಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಸೋಮವಾರ ಆಫೀಸಿಗೆ ಹೋಗಲೇಬೇಕು. ಹಾಗಾಗಿ ಶನಿವಾರ ಸಂಜೆ ಎದ್ದು ನಿಂತು, ಭಾನುವಾರ ರಾತ್ರಿ ಬಿಚ್ಚಿಡಬಹುದಾದ ಮೊಹಾಕ್ ನನ್ನದು. ಭುಜದವರೆಗಿನ ಕೂದಲಿಗೆ ಇದು ಸಲೀಸು. ಇನ್ನೂ ಉದ್ದ ಇದ್ದರೆ ಭಾರಕ್ಕೆ ಬಾಗುತ್ತದೆ, ಮಡಚಿ ಪಿನ್ ಹಾಕಬೇಕಾಗುತ್ತದೆ.

ಮೊದಲು ಜೆಲ್. ಅಂಗಡಿಯದ್ದು ಕೊಳ್ಳುವುದಾದರೆ ಗ್ಲಿಸರಿನ್ ಜಾಸ್ತಿ ಇರುವುದನ್ನು ಮಳೆಗಾಲದಲ್ಲಿ ಮುಟ್ಟಬೇಡಿ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮುಂಬಯಿಯ ಜುಲೈ ಗಾಳಿಯಲ್ಲಿ ತೇವಕ್ಕೇನು ಬರವೇ? ನಾನು ಮನೆಯಲ್ಲೇ ಅಗಸೆ ಬೀಜದ ಜೆಲ್ ಮಾಡುತ್ತೇನೆ. ಕಾಲು ಕಪ್ ಬೀಜ, ಎರಡು ಕಪ್ ನೀರು. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿರಿ. ಬಿಳಿ ನೊರೆ ಬಂದು, ಸೌಟು ಎತ್ತಿದರೆ ಲೋಳೆ ಎಳೆಎಳೆಯಾಗಿ ಇಳಿಯತೊಡಗಿದ ಕ್ಷಣವೇ ಒಲೆ ಆರಿಸಿ. ಇನ್ನೊಂದೆರಡು ನಿಮಿಷ ಬಿಟ್ಟರೆ ಗಟ್ಟಿಯಾಗಿ ಬೀಜ ಬಿಡುವುದೇ ಇಲ್ಲ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ವಾಸನೆ ಬದಲಾದರೆ ಚೆಲ್ಲಿಬಿಡಿ.

ಹಿಂದಿನ ದಿನ ಎಣ್ಣೆ ಹಚ್ಚಬೇಡಿ. ಅಮ್ಮಂದಿರಿಗೆ ಇದನ್ನು ಒಪ್ಪಿಸುವುದು ಕಷ್ಟ ಅಂತ ಗೊತ್ತು. ಆದರೆ ಎಣ್ಣೆ ಕುಡಿದ ಬುಡ ಏಳುವುದಿಲ್ಲ. ಕಟ್ಟಡಕ್ಕೆ ಟ್ಯಾಂಕರ್ ನೀರು ಬರುತ್ತಿದ್ದರೆ, ಕೊನೆಯ ಎರಡು ಚೊಂಬು ಮಾತ್ರ ಫಿಲ್ಟರ್ ನೀರು ಹಾಕಿಕೊಳ್ಳಿ. ಗಡಸು ನೀರಿನಲ್ಲಿ ಸುರುಳಿ ಒರಟಾಗಿ ಚದುರುತ್ತದೆ.

ಕಂಡೀಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ತೊಳೆಯಿರಿ. ನೀರು ತೊಟ್ಟಿಕ್ಕುತ್ತಿರುವಾಗಲೇ ಜೆಲ್ ಹಚ್ಚಬೇಕು. ಒದ್ದೆಯಾದಾಗ ಕೂದಲೊಳಗಿನ ಹೈಡ್ರೋಜನ್ ಬಂಧಗಳು ಬಿಚ್ಚಿಕೊಳ್ಳುತ್ತವೆ. ಒಣಗುವಾಗ ಯಾವ ಆಕಾರದಲ್ಲಿ ಇದೆಯೋ ಅದರಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಅರ್ಧ ಒಣಗಿದ ಮೇಲೆ ಹಚ್ಚಿದರೆ ಅಷ್ಟರಲ್ಲಿ ಕೆದರಿದ್ದೇ ಆಕಾರ ಆಗಿಬಿಡುತ್ತದೆ. ಹಳೆಯ ಹತ್ತಿ ಟೀ ಶರ್ಟಿನಲ್ಲಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ.

ಈಗ ಬೈತಲೆ. ಎರಡು ಹುಬ್ಬುಗಳ ಕಮಾನಿನಿಂದ ಹಿಂದಕ್ಕೆ ಎರಡು ಗೆರೆ ಎಳೆಯಿರಿ, ಕುತ್ತಿಗೆಗೆ ಬರುವಾಗ ಕಿರಿದಾಗಲಿ. ನಡುವಿನ ಪಟ್ಟಿ ನಾಲ್ಕು ಬೆರಳು ಅಗಲ ಇರಲಿ. ಗುಂಗುರು ಕೂದಲು ಒಣಗಿದಾಗ ಕುಗ್ಗುತ್ತದಲ್ವಾ, ಕಿರಿದಾದ ಪಟ್ಟಿ ಬಡಕಲಾಗಿ ಕಾಣುತ್ತದೆ.

ಪಕ್ಕಗಳೇ ಈ ಕೆಲಸದ ಜೀವಾಳ. ಒಂದೊಂದು ಕಡೆ ಮೂರು ಅಥವಾ ನಾಲ್ಕು ಸಣ್ಣ ಜಡೆ, ತಲೆಗೆ ಅಂಟಿಕೊಂಡಂತೆ, ಕಿವಿಯ ಕಡೆಯಿಂದ ಮೇಲಕ್ಕೆ ಹೆಣೆಯುತ್ತಾ ಹೋಗಿ. ಪ್ರತಿ ಹೆಣಿಗೆಗೂ ಅಡಿಯಿಂದ ಸ್ವಲ್ಪ ಸ್ವಲ್ಪ ಕೂದಲು ಸೇರಿಸಿಕೊಳ್ಳಿ. ಪಟ್ಟಿಯ ಅಂಚಿಗೆ ಬಂದಾಗ ಸಣ್ಣ ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಿ. ಉಳಿದ ತುದಿಗಳನ್ನು ನಡುವಿನ ಸುರುಳಿಗಳ ಜೊತೆ ಬಿಟ್ಟುಬಿಡಿ. ಸುಮ್ನೆ ಅಲ್ಲ, ಆ ತುದಿಗಳೇ ಮೊಹಾಕಿಗೆ ದಪ್ಪ ಕೊಡುವುದು. ಕಣತಲೆಯ ಹತ್ತಿರ ಚರ್ಮ ಎಳೆದು ನೋಯುತ್ತಿದ್ದರೆ ಬಿಚ್ಚಿ ಸಡಿಲವಾಗಿ ಹೆಣೆಯಿರಿ. ಪದೇ ಪದೇ ಬಿಗಿ ಎಳೆತ ಬಿದ್ದರೆ ಅಂಚಿನ ಕೂದಲು ಉದುರತೊಡಗುತ್ತದೆ. ಎಂಥ ಸ್ಟೈಲಿಗೂ ಅಷ್ಟು ಬೆಲೆ ಕೊಡಬಾರದು.

ನಡುವಿನ ಪಟ್ಟಿಯ ಬುಡಕ್ಕೆ ಸಣ್ಣ ಕ್ಲಿಪ್ಪುಗಳನ್ನು ಸಿಕ್ಕಿಸಿ, ಕೂದಲು ನೆತ್ತಿಯಿಂದ ಎದ್ದಿರುವ ಹಾಗೆ. ಹೇರ್ ಡ್ರೈಯರಿಗೆ ಡಿಫ್ಯೂಸರ್ (ಗಾಳಿಯನ್ನು ಹರಡುವ ಅಗಲ ಮೂತಿ) ಹಾಕಿ ಕಡಿಮೆ ಬಿಸಿಯಲ್ಲಿ ಒಣಗಿಸಿ, ಅಥವಾ ಫ್ಯಾನಿನ ಕೆಳಗೆ ಕೂತು ಬಿಡಿ. ಪೂರ್ತಿ ಒಣಗುವವರೆಗೆ ಕೈ ಹಾಕಬೇಡಿ. ಒಣಗಿದ ಮೇಲೆ ಜೆಲ್ ಗರಿಗರಿಯಾಗಿರುತ್ತದೆ, ಮುಷ್ಟಿಯಲ್ಲಿ ಮೆಲ್ಲಗೆ ಹಿಸುಕಿದರೆ ಸುರುಳಿ ಮೃದುವಾಗುತ್ತದೆ.

ಈಗ ಹಣೆಯಿಂದ ಕುತ್ತಿಗೆವರೆಗೆ ಸಾಲಾಗಿ ನಾಲ್ಕೈದು ಜುಟ್ಟು ಕಟ್ಟಿ. ಮುಂದಿನದು ಹಣೆಗೆ ಹತ್ತಿರ ಇರಲಿ, ಆಗಲೇ ಮುಖದ ಮೇಲೆ ಕಿರೀಟ ಇಟ್ಟ ಹಾಗೆ ಕಾಣುವುದು. ಉದ್ದ ಹಲ್ಲಿನ ಬಾಚಣಿಗೆಯನ್ನು ಬುಡಕ್ಕಷ್ಟೇ ಹಾಕಿ ಎತ್ತಿ. ಎರಡು ಜುಟ್ಟಿನ ನಡುವೆ ಸಂದು ಕಂಡರೆ ಅಕ್ಕಪಕ್ಕದ ಸುರುಳಿಗಳನ್ನು ಎಳೆದು ಕೂಡಿಸಿ, ಎರಡು ಪಿನ್ನುಗಳನ್ನು ಒಂದರ ಮೇಲೊಂದು ಅಡ್ಡ ಹಾಕಿ. ಅಡ್ಡ ಹಾಕಿದ ಪಿನ್ನು ಜಾರುವುದಿಲ್ಲ. ಕೊನೆಗೆ ಹೇರ್ ಸ್ಪ್ರೇ, ಒಂದು ಮೊಳ ದೂರದಿಂದ.

ನನಗೆ ತುಂಬ ಇಷ್ಟವಾದದ್ದು ಇದರ ಮೇಲೊಂದು ಅಲಂಕಾರ. ಮಾಟುಂಗಾದ ಹೂವಿನ ಅಂಗಡಿಗಳಲ್ಲಿ ಒತ್ತಾಗಿ ಕಟ್ಟಿದ ಮಲ್ಲಿಗೆ ದಂಡೆ ಸಿಗುತ್ತದೆ. ಜಡೆ ಮುಗಿದು ಸುರುಳಿ ಶುರುವಾಗುವ ಗೆರೆಯ ಉದ್ದಕ್ಕೂ ಅದನ್ನು ಪಿನ್ ಮಾಡಿ. ರಬ್ಬರ್ ಬ್ಯಾಂಡೆಲ್ಲ ಮುಚ್ಚಿಹೋಗುತ್ತದೆ. ಕಪ್ಪು ಜಾಕೆಟ್, ದಪ್ಪ ಕಾಡಿಗೆ, ತಲೆ ತುಂಬ ಮಲ್ಲಿಗೆ. ಪಂಕ್ ಅಂದರೆ ಬರೀ ಮೊಳೆ ಸರಪಳಿಯೇ ಆಗಬೇಕೆಂದಿಲ್ಲ.

ಲೋಕಲ್ ರೈಲಿನಲ್ಲಿ ಹೋಗುವುದಾದರೆ ಬಾಗಿಲ ಹತ್ತಿರ ನಿಲ್ಲಬೇಡಿ. ತೆಳು ಸ್ಕಾರ್ಫ್ ಸಡಿಲವಾಗಿ ಹೊದ್ದುಕೊಳ್ಳಿ, ಇಳಿದ ಮೇಲೆ ತೆಗೆದು ಬುಡವನ್ನು ಬೆರಳಿನಿಂದ ಎತ್ತಿಕೊಳ್ಳಿ.

ಪಕ್ಕ ನಿಜವಾಗಿಯೂ ಬೋಳಿಸುವ ಮನಸ್ಸಿದ್ದರೆ ಟ್ರಿಮ್ಮರಿನ 2ನೇ ನಂಬರ್ ಗಾರ್ಡ್‌ನಿಂದ ಶುರು ಮಾಡಿ, ಸುಮಾರು 6 ಮಿಲಿಮೀಟರ್ ಉಳಿಯುತ್ತದೆ. ಕೂದಲು ತಿಂಗಳಿಗೆ ಬೆಳೆಯುವುದು ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ಮನೆಯ ಮದುವೆಗಳನ್ನು ಲೆಕ್ಕ ಹಾಕಿಕೊಂಡು ಕೈ ಹಾಕಿ.

ಬಿಚ್ಚುವಾಗ ಮೊದಲು ಪಿನ್ನು. ರಬ್ಬರ್ ಬ್ಯಾಂಡುಗಳನ್ನು ಎಳೆಯದೆ ಸಣ್ಣ ಕತ್ತರಿಯಿಂದ ಕತ್ತರಿಸಿ. ಬುಡಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ನೆತ್ತಿಯನ್ನು ಬೆರಳ ತುದಿಯಿಂದ ಉಜ್ಜಿ. ಸ್ನಾನ ಬೆಳಿಗ್ಗೆ ಮಾಡಿದರೂ ಆಯಿತು.