ಆಟಗಾರ್ತಿ ಊಟ ಬಿಡ್ತಿದ್ದಾಳೆ ಅನ್ಸಿದ್ರೆ ಮನೆಯವ್ರು, ಕೋಚ್‌ಗಳು ಏನ್ ಮಾಡ್ಬೇಕು

ಲಾಂಗ್ ಡಿಸ್ಟೆನ್ಸ್ ರನ್ನಿಂಗ್, ಜಿಮ್ನಾಸ್ಟಿಕ್ಸ್, ಕುಸ್ತಿ, ಜೂಡೋ, ಇಂಥ ತೂಕದ್ದೇ ಮಾತಾಗಿರೋ ಆಟಗಳಲ್ಲಿ ಹುಡ್ಗೀರು ಊಟ ಬಿಡೋ ರಿಸ್ಕ್ ಜಾಸ್ತಿ. ಆದ್ರೆ ತೂಕ ನಾರ್ಮಲ್ ಇದೆ ಅಂತ ಸುಮ್ನಾಗ್ಬೇಡಿ, ತೂಕ ಸರಿಯಿದ್ದೂ ಒಳಗೊಳಗೇ ಕಷ್ಟ ಪಡೋರು ತುಂಬಾ ಜನ ಇದಾರೆ.

ಮೊದ್ಲು ಮುಟ್ಟಿನ ಬಗ್ಗೆ ಕೇಳಿ. ಮೂರು ತಿಂಗಳಿಂದ ಆಗಿಲ್ಲ, ಅಥವಾ 15 ವರ್ಷ ಆದ್ರೂ ಶುರುವಾಗೇ ಇಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗ್ಲೇಬೇಕು. 'ಅಷ್ಟೊಂದು ಪ್ರಾಕ್ಟೀಸ್ ಮಾಡಿದ್ರೆ ಹಂಗೇ ಆಗತ್ತೆ ಬಿಡಿ' ಅಂತ ಹೇಳೋರ ಮಾತು ದಯವಿಟ್ಟು ಕೇಳ್ಬೇಡಿ. ತಿನ್ನೋದು ದೇಹ ಖರ್ಚು ಮಾಡೋ ಶಕ್ತಿಗೆ ಸಾಲ್ದೇ ಹೋದಾಗ ದೇಹ ಒಂದೊಂದೇ ಕೆಲ್ಸ ನಿಲ್ಸತ್ತೆ, ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇಳಿಯತ್ತೆ, ಮುಟ್ಟು ನಿಲ್ಲತ್ತೆ, ಮೂಳೆ ಗಟ್ಟಿಯಾಗ್ಬೇಕಾದ ವಯಸ್ಸಲ್ಲೇ ಸವೆಯೋಕೆ ಶುರುವಾಗತ್ತೆ, ಆಮೇಲೆ ಎಲ್ಲೂ ಬೀಳ್ದೇನೇ ಕಾಲಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದ್ರೆ ಪದೇಪದೇ ಒತ್ತಡ ಬಿದ್ದು ಮೂಳೆಯಲ್ಲಿ ಬರೋ ಸಣ್ಣ ಬಿರುಕು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ ರೆಡ್-ಎಸ್ (ರಿಲೇಟಿವ್ ಎನರ್ಜಿ ಡೆಫಿಷಿಯನ್ಸಿ ಇನ್ ಸ್ಪೋರ್ಟ್, ಅಂದ್ರೆ ಆಟಗಾರರಲ್ಲಿ ಶಕ್ತಿಯ ಕೊರತೆ) ಅಂತ ಹೆಸರಿಟ್ರು. ಇನ್ನೊಂದು, ಗರ್ಭನಿರೋಧಕ ಮಾತ್ರೆ ತಗೊಳ್ತಿದ್ರೆ ಬರೋ ಬ್ಲೀಡಿಂಗ್ ನೋಡಿ ಎಲ್ಲಾ ಸರಿಯಿದೆ ಅನ್ಕೋಬೇಡಿ, ಅದು ಮಾತ್ರೆಯಿಂದ ಆಗೋದು, ಸಹಜ ಮುಟ್ಟಲ್ಲ.

ಜೊತೆ ಕೂತು ಊಟ ಮಾಡಲ್ಲ, ಉಂಡ ತಕ್ಷಣ ಬಾತ್‌ರೂಮ್‌ಗೆ ಹೋಗ್ತಾಳೆ, ಎಲ್ರೂ ಹೋದ್ಮೇಲೂ ಒಬ್ಳೇ ಓಡ್ತಿರ್ತಾಳೆ, ಸೆಖೆಯಲ್ಲೂ ಸ್ವೆಟರ್ ಬಿಚ್ಚಲ್ಲ. ಇದನ್ನೆಲ್ಲ ಗಮನಿಸ್ತಿರಿ.

ಮಾತಾಡೋವಾಗ ಒಬ್ಳೇ ಇದ್ದಾಗ ಮಾತಾಡಿ. 'ಎಷ್ಟ್ ಸಣ್ಣ ಆಗಿದೀಯ' ಅಂತ ಗಾಬರಿಯಿಂದ ಹೇಳಿದ್ರೂ ಅವ್ಳಿಗದು ಹೊಗಳಿಕೆ ಥರಾನೇ ಕೇಳ್ಸತ್ತೆ. 'ಎರಡು ವಾರದಿಂದ ಸುಸ್ತಾಗಿದೀಯ, ನಿದ್ದೆ ಸರಿ ಇಲ್ಲ ಅನ್ಸತ್ತೆ, ಏನಾಗ್ತಿದೆ ಪುಟ್ಟಾ?' ಅಂತ ಕೇಳಿ, ಆಮೇಲೆ ಸುಮ್ನೆ ಕೇಳಿಸ್ಕೊಳಿ. ಮೊದಲ್ನೇ ಸಲ 'ಏನಿಲ್ಲ' ಅಂತಾಳೆ, ಅಷ್ಟಕ್ಕೇ ಬಿಡ್ಬೇಡಿ, ನಾಲ್ಕು ದಿನ ಬಿಟ್ಟು ಮತ್ತೆ ಕೇಳಿ.

ಕೋಚ್‌ಗಳೇ, ಎಲ್ರ ಮುಂದೆ ತೂಕ ನೋಡೋದು ಇವತ್ತೇ ನಿಲ್ಸಿ. ತೂಕದ ಚಿಂತೆ ಜೀವಕ್ಕೇ ಕುತ್ತಾಗ್ಬಹುದು: ಅಮೆರಿಕದ ಜಿಮ್ನಾಸ್ಟ್ ಕ್ರಿಸ್ಟಿ ಹೆನ್ರಿಕ್ ಅನೊರೆಕ್ಸಿಯಾ (ದಪ್ಪಗಾಗೋ ಭಯಕ್ಕೆ ಊಟ ಬಿಡೋ ಕಾಯಿಲೆ), ಬುಲಿಮಿಯಾದಿಂದ (ತುಂಬಾ ತಿಂದು ವಾಂತಿ ಮಾಡ್ಕೊಳೋ ಥರದ ಕಾಯಿಲೆ) ನರಳಿ 1994ರಲ್ಲಿ ತೀರ್ಕೊಂಡಾಗ ಬರೀ 22 ವರ್ಷ.

ತಲೆಸುತ್ತಿ ಬಿದ್ರೆ, ಎದೆ ಬಡಿತ ಏರುಪೇರಾದ್ರೆ, ಸಾಯೋ ಮಾತಾಡಿದ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡ್ ಹೋಗಿ, ಪದೇಪದೇ ವಾಂತಿ ಮಾಡೋರಲ್ಲಿ ಪೊಟ್ಯಾಸಿಯಂ ಇಳಿದು ಹೃದಯಕ್ಕೇ ಅಪಾಯ. ಉಳಿದಂತೆ ಡಾಕ್ಟರ್, ಕೌನ್ಸೆಲರ್, ಡಯಟಿಷಿಯನ್ ಮೂರೂ ಜನ ಬೇಕು, ಬರೀ ಡಯಟ್ ಚಾರ್ಟ್ ಕೈಗೆ ಕೊಟ್ರೆ ಆಗಲ್ಲ. ಟೀಮಿಂದ ತೆಗೀತಾರೆ ಅನ್ನೋ ಭಯಕ್ಕೇ ಎಷ್ಟೋ ಹುಡ್ಗೀರು ಬಾಯಿ ಬಿಡಲ್ಲ, ಅದಕ್ಕೆ ಟ್ರೀಟ್‌ಮೆಂಟ್ ಮುಗಿಸ್ಕೊಂಡು ಬಾ, ನೀನು ಟೀಮಲ್ಲೇ ಇರ್ತೀಯ ಅಂತ ಕೋಚ್ ತಾವಾಗೇ ಮೊದ್ಲೇ ಹೇಳ್ಬೇಕು.