ಒಂದೇ ಭಾಷಣ, ಹತ್ತು ವೇದಿಕೆ

ನವೆಂಬರ್ ಬಂತೆಂದರೆ ಮುಂಬಯಿಯಲ್ಲಿ ರಾಜ್ಯೋತ್ಸವಗಳ ಸಾಲು: ಈ ಭಾನುವಾರ ಮಾಟುಂಗ, ಮುಂದಿನ ವಾರ ಡೊಂಬಿವಲಿ. ಪ್ರತಿ ಸಲ ಹೊಸದಾಗಿ ಬರೆಯಲಾಗದು. ಹಳೆಯದನ್ನೇ ಒಪ್ಪಿಸೋಣವೆಂದರೆ ಮುಂದಿನ ಸಾಲಿನಲ್ಲಿ ಕೂತವರು ಅಲ್ಲೂ ಇದ್ದವರೇ.

ಹಾಗಾಗಿ ಭಾಷಣವನ್ನು ನಾನು ಬಿಡಿ ಚೀಟಿಗಳಲ್ಲಿ ಇಡುತ್ತೇನೆ. ಒಂದು ಚೀಟಿಗೆ ಒಂದೇ ವಿಷಯ, ಸುಮಾರು 90 ಪದ. ಗಟ್ಟಿಯಾಗಿ ಓದಿದರೆ ಒಂದು ನಿಮಿಷ. ಮನಸ್ಸಿನಲ್ಲೇ ಓದಿ ಲೆಕ್ಕ ಹಾಕಿದರೆ ವೇದಿಕೆಯಲ್ಲಿ ಸಮಯ ಮೀರುವುದು ಖಂಡಿತ. ರಾಜ್ಯೋತ್ಸವಕ್ಕೆ ಎಂಟು ಚೀಟಿ, ಶಾಲೆಯ ವಾರ್ಷಿಕೋತ್ಸವಕ್ಕೆ ನಾಲ್ಕು.

ಚೀಟಿ ಅದೇ ಆದರೂ ಹೇಳುವ ರೀತಿ ಬದಲಾಗಬೇಕು. ಧಾರವಾಡ, ಬಿಜಾಪುರ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಹಿರಿಯರ ಸಭೆಯಲ್ಲಿ ಇದನ್ನು ಏಕೀಕರಣದ ಮಾತಾಗಿ ವಿವರವಾಗಿ ಹೇಳಬಹುದು. ಮಕ್ಕಳಿಗೆ ಇಸವಿ ಬೇಡ. 'ನಿಮ್ಮ ಮುತ್ತಜ್ಜ ಧಾರವಾಡದಿಂದ ಇಲ್ಲಿಗೆ ಬಂದಾಗ ರಾಜ್ಯದ ಗಡಿಯನ್ನೇ ದಾಟಿರಲಿಲ್ಲ' ಎಂದರೆ ತಲೆ ಎತ್ತುತ್ತಾರೆ. ಮುಖ್ಯ ಅತಿಥಿ ಮರಾಠಿಯವರಾಗಿದ್ದರೆ ಅದೇ ಸಂಗತಿಯನ್ನು ಆರಂಭದಲ್ಲೇ ಮರಾಠಿಯಲ್ಲಿ ಎರಡು ವಾಕ್ಯಗಳಲ್ಲಿ ಹೇಳಿ ಕನ್ನಡಕ್ಕೆ ಹೊರಳುತ್ತೇನೆ.

ಕರಾವಳಿಯವರೇ ತುಂಬಿದ ಸಭೆಯಲ್ಲಿ ಮಾತ್ರ ಈ ಚೀಟಿ ಕೈಕೊಡುತ್ತದೆ: ಆಗ ದಕ್ಷಿಣ ಕನ್ನಡ ಇದ್ದದ್ದು ಮದ್ರಾಸ್ ರಾಜ್ಯದಲ್ಲಿ. 'ನಾವೆಲ್ಲ ಒಂದೇ ರಾಜ್ಯದವರಾಗಿದ್ದೆವು' ಎಂದರೆ ಯಾರಾದರೂ ಅಲ್ಲೇ ತಿದ್ದುತ್ತಾರೆ, ತಿದ್ದಲೂ ಬೇಕು. ಅಲ್ಲಿಗೆ ಬೇರೆ ಚೀಟಿ: ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತ ಹುಡುಗರದ್ದು. ಮೊದಲ ನಾಲ್ಕು ಮಾತು ತುಳುವಿನಲ್ಲಿ.

ಶ್ರದ್ಧಾಂಜಲಿ ಸಭೆಗೆ ಇವು ಯಾವುವೂ ಬೇಡ. ತೀರಿಕೊಂಡವರು ಮಾಡಿದ ಒಂದು ಕೆಲಸ, ಎರಡೇ ನಿಮಿಷ.

ಗಣೇಶೋತ್ಸವದ ಪೆಂಡಾಲಿನ ಕಷ್ಟವೇ ಬೇರೆ. ವಿಶೇಷ ಅನುಮತಿಯ ದಿನಗಳನ್ನು ಬಿಟ್ಟರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು. ಸನ್ಮಾನ ಉದ್ದವಾದಷ್ಟೂ ಕೊನೆಯ ಭಾಷಣಕಾರನ ಪಾಲು ಕರಗುತ್ತದೆ. ಆಗ ಹೆಚ್ಚಿನವರು ಅದೇ ಭಾಷಣವನ್ನು ವೇಗವಾಗಿ ಓದಿಬಿಡುತ್ತಾರೆ. ಮೈಕಿನ ಪ್ರತಿಧ್ವನಿಯಲ್ಲಿ ಒಂದಕ್ಷರವೂ ತಿಳಿಯುವುದಿಲ್ಲ. ಬಿಡಬಹುದಾದ ಚೀಟಿಗಳ ಮೂಲೆಗೆ ಮನೆಯಲ್ಲೇ ಕೆಂಪು ಗುರುತು ಹಾಕಿಡಿ. ನಿರೂಪಕರು ಗಡಿಯಾರ ನೋಡಿದೊಡನೆ ಅವು ಜೇಬಿಗೆ ಹೋಗಲಿ. ವೇದಿಕೆಯ ಮೇಲಿರುವವರ ಹೆಸರುಗಳನ್ನೆಲ್ಲ ಓದುವ ಗೋಜಿಗೂ ಹೋಗಬೇಡಿ, ಸ್ವಾಗತ ಭಾಷಣದಲ್ಲಿ ಅದು ಆಗಿರುತ್ತದೆ. ಅಧ್ಯಕ್ಷರ ಹೆಸರೊಂದು ಸಾಕು. ಅದನ್ನು ಮಾತ್ರ ಆಮಂತ್ರಣ ಪತ್ರಿಕೆ ನೋಡಿ ಬರೆದುಕೊಳ್ಳಿ.